ಬಿಳಿ ಗೋಳಕ್ಕೆ ಬೆರೆಸಿದ ನೀಲಿ

ಅಕ್ಕಲಕೋಟೆ ಬಿಟ್ಟು ನಾವು ಸೊಲ್ಲಾಪುರದಲ್ಲಿ ಸಂಸಾರ ಹೂಡಿದ್ದು ನಮ್ಮ ಮನೆಯವರಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿದ್ದಕ್ಕೆ. ನೂಲುವ ಕೆಲಸವಲ್ಲ, ನೇಯುವುದೂ ಅಲ್ಲ. ಗಿರಣಿಗೆ ಬರುವ ಬಲ್ಬುಗಳು ಎಷ್ಟು ಬೆಳಕು ಕೊಡುತ್ತವೆಂದು ಅಳೆಯುವ ಕೋಣೆಯಲ್ಲಿ, ಸಾಹೇಬರ ಕೈಕೆಳಗೆ. ಇನ್ನೂ ಕಾಯಂ ಆಗಿರಲಿಲ್ಲ. ಸಾಹೇಬರು ಬೇಡವೆಂದರೆ ಗಂಟು ಕಟ್ಟಿಕೊಂಡು ಮತ್ತೆ ಅತ್ತೆಯ ಮನೆಗೆ. ನನಗೆ ಹೋಗುವ ಮನಸ್ಸಿರಲಿಲ್ಲ. ಚಾಳಿನಲ್ಲಿ ಎರಡು ಕೋಣೆ, ಬಾಗಿಲಲ್ಲೇ ನಳದ ನೀರು, ಒಲೆಯ ಮುಂದೆ ನನ್ನದೇ ಮಾತು. ಸುಖವಾಗಿದ್ದೆ, ಮುಚ್ಚಿಡುವುದೇಕೆ?

"ಬೆಳಕು ಹ್ಯಾಂಗ ಅಳೀತೀರಿ? ಸೇರಿಲೆ ಅಳೀತೀರೇನು?" ಎಂದು ಒಮ್ಮೆ ಕೇಳಿದೆ.

"ಗೋಳದಾಗ ಅಳೀತೀವಿ," ಎಂದರು.

ತಗಡಿನ ಗೋಳ. ಒಬ್ಬ ಮನುಷ್ಯ ಒಳಗೆ ಕೂಡ್ರಬಹುದು, ಅಷ್ಟು ದೊಡ್ಡದು. ಎರಡು ಹೋಳಾಗಿ ತೆರೆಯುತ್ತದೆ, ಒಳಗೆಲ್ಲ ಬಿಳಿ ಬಣ್ಣ. ಬಲ್ಬು ಎಲ್ಲ ಕಡೆಗೂ ಒಂದೇ ಸಮ ಬೆಳಕು ಕೊಡುವುದಿಲ್ಲವಂತೆ. ಪಕ್ಕಕ್ಕೆ ಹೆಚ್ಚು, ಬುಡದ ಕಡೆ ಕಡಿಮೆ. ಒಂದೇ ಕಡೆ ನಿಂತು ಅಳೆದರೆ ಮೋಸ. ಅದಕ್ಕೇ ಗೋಳದ ನಡುವೆ ತೂಗುಹಾಕಿ ಮುಚ್ಚುತ್ತಾರೆ. ಬೆಳಕು ಬಿಳಿ ಗೋಡೆಗೆ ಬಡಿದು, ತಿರುಗಿ ಬಡಿದು, ಕಡೆಗೆ ಎಲ್ಲ ಕಡೆ ಸಮನಾಗಿ ಹರಡಿಕೊಳ್ಳುತ್ತದೆ. ಪಕ್ಕದ ಸಣ್ಣ ಕಿಂಡಿಯಿಂದ ಗೋಡೆಯ ಬೆಳಕನ್ನು ನೋಡುತ್ತಾರೆ. ಬಲ್ಬಿನ ಬೆಳಕು ನೇರವಾಗಿ ಕಿಂಡಿಗೆ ಬೀಳದಂತೆ ನಡುವೆ ಒಂದು ಸಣ್ಣ ಮರೆ. ಮೊದಲು ಬೆಳಕೆಷ್ಟೆಂದು ಗೊತ್ತಿರುವ ಬಲ್ಬು ಹಚ್ಚಿ ನೋಡುವುದು, ಆಮೇಲೆ ಹೊಸದು ಹಚ್ಚಿ ಹೋಲಿಸುವುದು.

"ಒಂದು ದೀಪಕ್ಕ ಇಷ್ಟು ದೊಡ್ಡ ಗಡಿಗಿ!" ಎಂದು ನಾನು ನಕ್ಕೆ.

ಆ ಗೋಳದ ಬಣ್ಣ ಹಳದಿಗಟ್ಟಿ ಉದುರತೊಡಗಿತು. ಸಾಹೇಬರು ಹೊಸ ಬಣ್ಣ ಕೊಟ್ಟು ಹಚ್ಚಲು ಹೇಳಿದರು. ಅಕ್ಕಲಕೋಟೆಯ ಮನೆಯಲ್ಲಿ ದೀವಳಿಗೆಯ ಸುಣ್ಣಕ್ಕೆ ನಮ್ಮತ್ತೆ ಒಂದು ಚಿಟಿಕೆ ನೀಲಿ ಹಾಕದೆ ಬಿಟ್ಟವರಲ್ಲ. ಗೋಡೆ ಹಾಲಿನಂತೆ ಕಾಣುತ್ತದೆ. ಅದನ್ನೇ ನೆನೆದು ನಮ್ಮ ಮನೆಯವರು ನಾನು ಬಟ್ಟೆಗಿಟ್ಟ ನೀಲಿಯನ್ನು ಹೇಳದೆ ಕೇಳದೆ ಒಯ್ದು ಆ ಬಣ್ಣಕ್ಕೆ ಬೆರೆಸಿದರು. ಗೋಳದ ಒಳಗೆಲ್ಲ ಫಳಫಳ. ಮನೆಗೆ ಬಂದು ಎದೆಯುಬ್ಬಿಸಿ ಹೇಳಿಕೊಂಡರು.

ಮರುದಿನ ಸಾಹೇಬರು ಗೊತ್ತಿರುವ ಬಲ್ಬನ್ನೇ ಹಚ್ಚಿ ಕಿಂಡಿಯ ಗಾಜಿಗೆ ಕಣ್ಣಿಟ್ಟರು. ಗಾಜಿನಲ್ಲಿ ಎರಡು ಹೋಳು ಕಾಣುತ್ತವೆ, ಒಂದು ಗೋಳದ ಬೆಳಕು, ಒಂದು ಹೊರಗಿನ ದೀಪದ್ದು. ಗೋಳದ ಹೋಳು ನೀಲಿಗಟ್ಟಿತ್ತು, ಮೊದಲಿಗಿಂತ ಮಂಕೂ ಆಗಿತ್ತು.

"ಅರೇ, ಏನ್ ಬೆರಸೀದಿ ಇದ್ರಾಗ?"

"ನೀಲಿ ಹಾಕೀನ್ರಿ ಸಾಹೇಬ್ರ. ಜರಾ ಬೆಳ್ಳಗ ಕಾಣ್ಲಿ ಅಂತ."

"ಕಣ್ಣಿಗೆ ಬೆಳ್ಳಗ ಐತಿ. ಬೆಳಕು ಒಂದ ಸಲ ಬಡದು ಸುಮ್ಮನಾಗೂದಿಲ್ಲಪಾ, ತಿರುಗಿ ತಿರುಗಿ ಬಡೀತೈತಿ. ಬಡದಾಗೊಮ್ಮೆ ನಿನ್ನ ನೀಲಿ ಒಂದೊಂದು ತುತ್ತು ತಿಂತೈತಿ. ಎಲ್ಲಾ ಕೆರದು ಹೊಸಾದು ಹಚ್ಚು. ಬರೋಬರ್ ಬರಲಿಲ್ಲಂದ್ರ ಊರಿಗೆ ನಡಿ."

ಇವರು ಮನೆಗೆ ಬಂದು ಹೊಸ್ತಿಲಲ್ಲೇ ಕೂತರು.

"ಗ್ವಾಡಿಗೆ ಹಾಕೂದು ಗೋಳಕ್ಕ್ಯಾಕ ಹಾಕಿದ್ರಿ?" ಎಂದೆ.

"ಅವ್ವ ಹಾಕ್ತಿದ್ಲು."

"ಹಂಗಾರ ಅವ್ವನ್ನ ಕರಸ್ರಿ, ಬಂದು ಕೆರೀಲಿ."

ನಗು ಬಂದರೂ ಅವರು ನಗಲಿಲ್ಲ.

ಗಿರಣಿಗೆ ರಜೆಯಿದ್ದ ದಿನ ಸಾಹೇಬರ ಒಪ್ಪಿಗೆ ಪಡೆದು ನಾನೂ ಹೋದೆ. ನಮ್ಮ ಮನೆಯವರಿಗಿಂತ ನಾನು ಸಣ್ಣಾಕೆ, ಸೀರೆ ಎತ್ತಿ ಕಟ್ಟಿ ಗೋಳದೊಳಗೆ ಕೂತು ಕೆರೆದೆ. ಬಣ್ಣದ ಪುಡಿಯೆಲ್ಲ ತಲೆಯ ಮೇಲೆ. ಆಮೇಲೆ ಅವರು ಕಲಸಿ ಕೊಟ್ಟರು, ನಾನು ಹಚ್ಚಿದೆ.

"ಉಜ್ಜಬ್ಯಾಡ! ಮಿಂಚಿದ್ರ ಕೆಟ್ಟಿತು. ಬೆಳಕನ್ನ ಕನ್ನಡಿಯಂಗ ಒಂದ ಕಡಿ ಒಗೀತೈತಿ," ಎಂದು ಹೊರಗಿನಿಂದ ಕೂಗುತ್ತಿದ್ದರು.

"ನೀವ ಒಳಗ ಬರ್ರಿ, ನಾ ಹೊರಗ ನಿಂತು ಒದರತೀನಿ," ಎಂದೆ.

ಬಣ್ಣ ಒಣಗಿದ ಮೇಲೆ ಸಾಹೇಬರು ಅದೇ ಬಲ್ಬು ಹಚ್ಚಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಗಾಜಿಗೆ ಕಣ್ಣಿಟ್ಟು ಹೊರಗಿನ ದೀಪವನ್ನು ಹಿಂದೆ ಮುಂದೆ ಸರಿಸಿ ನೋಡಿದರು.

"ಬರೋಬರ್ ಬಂತು," ಎಂದರು ಕಡೆಗೆ. "ಇನ್ನ ಮ್ಯಾಲೆ ನೀಲಿ ಹಾಕೂದು ನಿನ್ನ ಧೋತರಕ್ಕ ಅಷ್ಟ. ನಾಳಿಂದ ಕಾಯಂ."

ಅಂದೇ ಊರಿಗೆ ಹೋಗುವವರ ಕೈಯಲ್ಲಿ ಅತ್ತೆಗೆ ಹೇಳಿಕಳಿಸಿದೆ, ನನ್ನ ಬೀಸುವ ಕಲ್ಲು ಕಳಿಸಿಕೊಡಿ ಎಂದು. "ಕಲ್ಲು ಒಯ್ದಾಕಿ ಇನ್ನೆಲ್ಲಿ ಬರ್ತಾಳ," ಎಂದು ಗೊಣಗಿದರಂತೆ. ಆದರೂ ಬಂಡಿಯಲ್ಲಿ ಕಲ್ಲು ಬಂತು, ಜೋಳದ ಚೀಲದ ಜೊತೆಗೆ. ಬಂದ ದಿನವೇ ಬೀಸಿ ರೊಟ್ಟಿ ಬಡಿದೆ.