ಬಣ್ಣದ ಕಾರ್ಖಾನೆಯಿಂದ ಮರಳಿದ ಅಣ್ಣ

ಅಣ್ಣನ ಮೂತ್ರದಲ್ಲಿ ರಕ್ತ ಕಂಡಾಗ ಕಲ್ಲಿರಬೇಕು ಅಂದುಕೊಂಡೆವು. ಅತ್ತಿಗೆ ಬಾಳೆದಿಂಡಿನ ರಸ ಕುಡಿಸಿದಳು. ನೋವೇ ಇಲ್ಲವಲ್ಲ ಎಂದು ಅಣ್ಣ ಏಣಿ ಹತ್ತಿ ಮೆಣಸು ಕೊಯ್ಯುತ್ತಲೇ ಇದ್ದ. ನೋವಿಲ್ಲದ ರಕ್ತಕ್ಕೇ ಹೆಚ್ಚು ಹೆದರಬೇಕು ಎಂದು ಮಾನಂದವಾಡಿಯ ಡಾಕ್ಟರು ಗದರಿದ ಮೇಲೆ ಅವನನ್ನು ಕೋಯಿಕ್ಕೋಡಿಗೆ ಕರೆದುಕೊಂಡು ಹೋದೆ. ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು.

ಬೀಡಿ ಸೇದುತ್ತೀರಾ ಎಂದು ಅಲ್ಲಿಯ ಡಾಕ್ಟರು ಮಲಯಾಳದಲ್ಲಿ ಕೇಳಿದರು. ಇಲ್ಲ ಅಂದ. ಮೊದಲು ಎಲ್ಲಿ ಕೆಲಸ ಎಂದು ಕೇಳಿದರು. ನಮ್ಮೂರು ತೃಶ್ಶಿಲೇರಿಯ ತೋಟಕ್ಕೆ ಮರಳುವ ಮೊದಲು ಅಣ್ಣ ಗುಜರಾತಿನಲ್ಲಿ ಬಟ್ಟೆಯ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿದ್ದ. ಟೊಲ್ಯುಡಿನ್ ಎಂಬ ಎಣ್ಣೆಯಂಥ ರಾಸಾಯನಿಕವನ್ನು ಡ್ರಮ್ಮಿನಿಂದ ಸುರಿಯುವುದು ಅವನ ಪಾಲಿನ ಕೆಲಸ. ಕೈಗವಸು ಹರಿದಿರುತ್ತಿತ್ತು, ಬಟ್ಟೆ ನೆನೆದು ಮೈಗೆ ಅಂಟುತ್ತಿತ್ತು. ಕೆಲವು ದಿನ ತುಟಿ ನೀಲಿಯಾಗಿ ತಲೆ ಸಿಡಿಯುತ್ತಿತ್ತಂತೆ. ಆಗ ಹಾಲು, ಬೆಲ್ಲ ಕೊಟ್ಟು ರೂಮಿಗೆ ಕಳಿಸುತ್ತಿದ್ದರಂತೆ. ಇದನ್ನೆಲ್ಲ ಅವನು ನಮಗೂ ಹೇಳಿರಲಿಲ್ಲ.

ಆ ವಿಷ ಚರ್ಮದಿಂದಲೂ ಒಳಗಿಳಿಯುತ್ತದೆ, ಕೆಲಸ ಬಿಟ್ಟು ಎಷ್ಟೋ ವರ್ಷಗಳ ನಂತರ ಹೀಗೆ ಕಾಣಿಸಿಕೊಳ್ಳಬಹುದು ಎಂದರು ಡಾಕ್ಟರು. "ಜೊತೆಗಿದ್ದವರಿಗೂ ಹೇಳಿ."

ಮೂತ್ರಕೋಶ ತೆಗೆದು, ಹೊಟ್ಟೆಯ ಮೇಲೆ ಮೂತ್ರ ಇಳಿಯುವ ಚೀಲ ಕೂರಿಸಿದರು. ವಾಸನೆ ಬಂದೀತೆಂದು ಅಣ್ಣ ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ. ಆದರೂ ನಡೆಯುವಷ್ಟಾದ ಕೂಡಲೇ ಪನಮರಕ್ಕೆ ಹೊರಟ. ಅವನೊಂದಿಗೆ ಗುಜರಾತಿಗೆ ಹೋಗಿದ್ದ ಗೆಳೆಯ ಅಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಬಸ್ಸಿನಲ್ಲಿ ನಾನೂ ಜೊತೆಗೆ ಹೋದೆ.

ಗೆಳೆಯ ಖುಷಿಯಿಂದ ಚಾಯ ತರಿಸಿದ. ವಿಷಯ ಕೇಳಿದ್ದೇ ಮುಖ ಬಿಗಿಯಿತು. "ಮೆಲ್ಲಗೆ ಮಾತಾಡೋ, ಗಿರಾಕಿಗಳವ್ರೆ. ನಂಗೇನೂ ಆಗಿಲ್ಲ."

"ನಂಗೂ ಏನೂ ಆಗಿರ್ಲಿಲ್ಲ ಕಣೋ," ಎಂದು ಅಣ್ಣ ಅಂಗಿ ಎತ್ತಿ ಚೀಲ ತೋರಿಸಿದ.

ಒಳಗಿನಿಂದ ಬಂದ ಗೆಳೆಯನ ಹೆಂಡತಿ ಅದನ್ನು ನೋಡಿ ಬಾಗಿಲಲ್ಲೇ ನಿಂತಳು. "ಯಾವ ಆಸ್ಪತ್ರೆ ಅಣ್ಣ? ನಾನು ಕರ್ಕೊಂಡು ಹೋಯ್ತೀನಿ," ಅಂದಳು. ಗೆಳೆಯ ನಮ್ಮನ್ನು ಬೀಳ್ಕೊಡಲೂ ಎದ್ದು ಬರಲಿಲ್ಲ.

ಅವಳು ಗಂಡನನ್ನು ಆಸ್ಪತ್ರೆಗೆ ತೋರಿಸಿ ನನಗೆ ಫೋನ್ ಮಾಡುವ ಹೊತ್ತಿಗೆ ಅಣ್ಣನ ಬೆನ್ನುಮೂಳೆಗೂ ರೋಗ ಇಳಿದಿತ್ತು. ಗೆಳೆಯನದು ಇನ್ನೂ ಚಿಕ್ಕ ಗಡ್ಡೆಯಂತೆ. ನಳಿಕೆ ಹಾಕಿ ಕೆರೆದು ತೆಗೆದಿದ್ದರು. ಅದು ಮತ್ತೆ ಬರಬಹುದು, ಆಗಾಗ ನೋಡಿಸುತ್ತಿರಬೇಕು.

"ಚೀಲ ಹಾಕಿದ್ರಾ?" ಅಣ್ಣ ಕೇಳಿದ.

"ಇಲ್ಲ," ಎಂದೆ.

"ಒಳ್ಳೇದಾಯ್ತು. ಕಾರ್ಖಾನೇಲಿ ನಮ್ಜೊತೆ ಇದ್ದ ಬಿಹಾರದವರಿಗೆ ಯಾರು ಹೇಳ್ತಾರೆ? ಅವರೂರು ಯಾವುದೂಂತಾನೂ ಕೇಳಿರ್ಲಿಲ್ಲ ನಾವು," ಅಂದ.

ಅಣ್ಣ ತೀರಿಕೊಂಡಾಗ ಗೆಳೆಯ ಬಂದು ಅಂಗಳದಲ್ಲಿ ಅತ್ತ. ಹೊರಡುವ ಮುಂಚೆ ಒಂದು ಮಾತು ಹೇಳಿದ: ಬಿಹಾರದವರ ಊರು ಕೇಳಲು ಕಾರ್ಖಾನೆಗೆ ಫೋನ್ ಮಾಡಿದ್ದನಂತೆ. ಈಗ ಬೇರೆ ಮಾಲೀಕರು, ಹಳಬರು ಯಾರೂ ಇಲ್ಲ ಎಂದು ಫೋನ್ ಇಟ್ಟುಬಿಟ್ಟರಂತೆ.