ಸೋಬಾನದ ಧಾಟಿಯ ಮಾಸಿಕ

ನಮ್ಮ ಬಬಲೇಶ್ವರದ ಶಾಲೆಗೆ ತಿಂಗಳಿಗೊಮ್ಮೆ ವಿಜಾಪುರದಿಂದ ಒಬ್ಬ ಸಂಗೀತ ಮಾಸ್ತರರು ಬರುತ್ತಿದ್ದರು. ತಾವೇ ಅಚ್ಚು ಹಾಕಿಸಿದ ಹಾಡಿನ ಮಾಸಿಕವನ್ನು ನಮ್ಮ ಕೈಗಿಟ್ಟು, ಜಾರಿದ ಕನ್ನಡಕದ ಮೇಲಿಂದ ನೋಡುತ್ತ, "ಓದಬ್ಯಾಡ್ರಿ, ಹಾಡ್ರಿ," ಎನ್ನುತ್ತಿದ್ದರು. ಹುಡುಗಿಯರ ಬಾಯಿಗೆ ಬೇಗ ಹತ್ತಲೆಂದು, ವರದಕ್ಷಿಣೆಯನ್ನು ಬೈಯುವ ಪದಕ್ಕೂ ಸೋಬಾನದ ಧಾಟಿಯನ್ನೇ ಹಾಕಿದ್ದರು.

ನಿಡೋಣಿಯ ಒಂದು ಮದುವೆಯಲ್ಲಿ, ಆರತಿಯ ಹೊತ್ತಿಗೆ, ನಾವು ಗೆಳತಿಯರು ಅದನ್ನೇ ಹಾಡಿದೆವು. ಜಗಳವಾದರೆ ಓಡಲು ಅನುಕೂಲವೆಂದು, ನಮ್ಮ ಜೊತೆ ಬಂದಿದ್ದ ಮಾಸ್ತರರು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದರು. ವರದಕ್ಷಿಣೆಯಾಗಿ ಬಂದ ಹೊಸ ಸೈಕಲ್ಲಿನ ಮೇಲೆ ಕೈಯಿಟ್ಟುಕೊಂಡಿದ್ದ ವರನ ತಂದೆ ಕೊನೆಯವರೆಗೂ ತಲೆದೂಗಿದರು.

"ಪದ ಭಾಳ ಚಲೋ ಐತಿ ಯವ್ವಾ, ಮತ್ತೊಮ್ಮೆ ಹಾಡ್ರಿ."

ಮರುತಿಂಗಳು ಸಂಚಿಕೆ ಹಂಚುವಾಗ ಮಾಸ್ತರರು ಕನ್ನಡಕ ಮೇಲೇರಿಸಿದರು.

"ಈ ಸಲ ಹಾಡಬ್ಯಾಡ್ರಿ," ಎಂದರು. "ಒದರ್ರಿ."