ಭಾರ ಎತ್ತಿದಾಕೆಗೆ ಒಂದು ಉಡಿ

ಎರಡು ಸಾವಿರದ ಇಸವಿಯ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಹೆಣ್ಣುಮಗಳೊಬ್ಬಳು ಭಾರ ಎತ್ತಿ ಕಂಚಿನ ಪದಕ ಗೆದ್ದಳು. ಸುದ್ದಿ ಟೀವಿಯಲ್ಲಿ ಬಂದಾಗ ನವನಗರದ ನಮ್ಮ ಮನೆಯಲ್ಲಿ ಅತ್ತೆಯವರು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಟೀವಿಯಲ್ಲಿ ಕಬ್ಬಿಣದ ಗಾಲಿಗಳು ಆಕೆಯ ತಲೆಗಿಂತ ಮೇಲೆ ಎದ್ದವು. ಅತ್ತೆಯವರ ಕೈ ಸೊಪ್ಪಿನಲ್ಲೇ ನಿಂತಿತು.

“ಬರೇ ಕಂಚು,” ಎಂದರು ನನ್ನ ಯಜಮಾನರು, ಸೋಫಾದ ಮೇಲೆ ಮಲಗಿಕೊಂಡೇ.

“ಬರೇ ಕಂಚಂತ! ಅಟ್ಟದ ಮ್ಯಾಲಿನ ಕಂಚಿನ ಗಂಗಾಳದ ಗಂಟು ಇಳಸಪಾ ಅಂತ ಯುಗಾದಿಯಿಂದ ಬಡಕೊಳ್ಳಾಕತ್ತೇನಿ, ನಿನಗ ಇನ್ನೂ ಆಗಿಲ್ಲ,” ಎಂದು ಮಗನಿಗೆ ಹೇಳಿ ಅತ್ತೆಯವರು ನನ್ನ ಕಡೆ ತಿರುಗಿದರು. “ಇಷ್ಟು ದೊಡ್ಡ ಕೆಲಸಾ ಮಾಡಿದ ಮಗಳನ್ನ ಖಾಲಿ ಉಡೀಲೆ ಬಿಡಬಾರದವಾ. ಉಡಿ ತುಂಬೂಣು.”

ಮನೆಗೆ ಬಂದ ಹೆಣ್ಣುಮಗಳು ಹೊರಟಾಗ ಸೆರಗಿನಲ್ಲಿ ಅಕ್ಕಿ, ಒಣಕೊಬ್ಬರಿ, ಅರಿಷಿಣದ ಕೊಂಬು, ಕುಬಸದ ಖಣ ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಆದರೆ ಈಕೆ ನಮ್ಮ ಮನೆಗೆ ಬಂದೇ ಇರಲಿಲ್ಲವಲ್ಲ ಎಂದು ಮೆಲ್ಲಗೆ ಹೇಳಿ ನೋಡಿದೆ.

“ಮುಂಜಾನಿಂದ ಟೀವ್ಯಾಗ ಬರಾಕತ್ತಾಳ. ಇನ್ನ ಹೆಂಗ ಬರಬೇಕು?”

ಪೋಸ್ಟಿನಲ್ಲಿ ಕಳಿಸುವುದೆಂದಾಯಿತು. ಅತ್ತೆಯವರು ಟ್ರಂಕಿನಿಂದ ಗುಳೇದಗುಡ್ಡದ ಕೆಂಪು ಖಣ ತೆಗೆದರು. ಡಾಂಬರು ಗುಳಿಗೆಯ ವಾಸನೆ ಕೋಣೆ ತುಂಬಿತು. ಖಣವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಟೀವಿಯಲ್ಲಿದ್ದ ಭುಜಗಳನ್ನು ಒಮ್ಮೆ ನೋಡಿ, ಅವರು ಗಾಬರಿಯಾದರು.

“ಅಯ್ಯ ಶಿವನ! ಇದು ಆಕಿಗೆ ಸಾಲೂದುಲ್ಲ.”

ಎದುರುಮನೆಯ ಹೊಲಿಗೆಯ ಅಕ್ಕ ಟೇಪು ಕೊರಳಿಗೆ ಹಾಕಿಕೊಂಡೇ ಓಡಿ ಬಂದಳು. ಸುದ್ದಿಯಲ್ಲಿ ಮತ್ತೆ ಆ ಚಿತ್ರ ಬಂದ ಕೂಡಲೇ ಟೇಪನ್ನು ಟೀವಿಯ ಗಾಜಿಗೆ ಹಚ್ಚಿದಳು. ಅಷ್ಟರಲ್ಲಿ ಹವಾಮಾನ ವರದಿ ಬಂದು, ಅರಬ್ಬೀ ಸಮುದ್ರದ ಅಳತೆ ಸಿಕ್ಕಿತು.

ಮರುದಿನ ಪೇಪರಿನಲ್ಲಿ ಆಕೆಯ ಫೋಟೋ ಬಂತು, ಎತ್ತರವೂ ಬಂತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಅನುಪಾತದ ಲೆಕ್ಕ ಮದುವೆಯಾದ ಮೇಲೆ ಮೊದಲ ಸಲ ಉಪಯೋಗಕ್ಕೆ ಬಂದ ಸಂತೋಷದಲ್ಲಿ ನಾನು ಮಗಳ ಸ್ಕೇಲು, ಪೆನ್ಸಿಲ್ ತಂದು ಕೂತೆ.

“ಇದು ಆಗೂದುಲ್ರೀ ಕಾಕೂ,” ಎಂದು ಹೊಲಿಗೆಯ ಅಕ್ಕ ಫೋಟೋ ನೋಡಿ ತಲೆಯಾಡಿಸಿದಳು. “ಕೈ ಮ್ಯಾಲ ಎತ್ತಿದಾಗ ಅಳತಿ ತಗೊಂಡ್ರ ಕುಬಸ ಕೆಡತೈತಿ. ಕೈ ಇಳಸಿದ್ದು ಬೇಕು.”

“ಇಳಸಿದ್ರ ಪದಕ ಹೋಕ್ಕಿತ್ತಲ್ಲಽ!” ಎಂದರು ಅತ್ತೆಯವರು.

ನನ್ನ ಲೆಕ್ಕದಲ್ಲಿ ನಾಲ್ಕು ಬೆರಳು ಬಟ್ಟೆ ಕಡಿಮೆ ಬಿತ್ತು. ಹೊಲಿಗೆಯ ಅಕ್ಕ ಸಮಾಧಾನ ಹೇಳಿದಳು: “ಬಗಲಾಗ ಬ್ಯಾರೆ ಬಣ್ಣದ ಪಟ್ಟಿ ಕೊಡಬಹುದ್ರೀ. ಕೈ ಎತ್ತಿದ್ರ ಅಷ್ಟ ಕಾಣತೈತಿ.”

“ಆಕಿ ಎತ್ತೂದಽ ಕೈ!” ಎಂದು ಅತ್ತೆಯವರು ಹಣೆ ಬಡಿದುಕೊಂಡರು. “ಇಡೀ ಜಗತ್ತು ನೋಡತೈತಿ. ತವರಮನ್ಯಾಗ ಕೈ ಬಿಗಿ ಹಿಡದು ಕೊಟ್ಟಾರ ಅಂತಾರ.”

ಆ ಮಧ್ಯಾಹ್ನವೇ ಬಸ್ಸಿನಲ್ಲಿ ಹುಬ್ಬಳ್ಳಿ ಪೇಟೆಗೆ ಹೋಗಿ, ನಾಲ್ಕು ಅಂಗಡಿ ಹತ್ತಿ ಇಳಿದು, ಅದೇ ಕೆಂಪಿನ ಇನ್ನೊಂದು ಖಣ ತಂದೆವು. ಅಂಗಡಿಯವರು “ಯಾರಿಗ್ರೀ?” ಎಂದು ಕೇಳಿದಲ್ಲೆಲ್ಲ ಅತ್ತೆಯವರು “ಮಗಳಿಗೆ” ಎಂದಷ್ಟೇ ಹೇಳಿದರು. ಅವರಿಗೆ ಇದ್ದದ್ದು ನನ್ನ ಯಜಮಾನರೊಬ್ಬರೇ.

ಪೋಸ್ಟ್ ಆಫೀಸಿನಲ್ಲಿ ಗಂಟನ್ನು ತಕ್ಕಡಿಗೆ ಇಟ್ಟೆವು. ಅಕ್ಕಿಯನ್ನು ಅತ್ತೆಯವರು ಐದು ಬೊಗಸೆ ಹಾಕಿದ್ದರು, ಅದೂ ತಮ್ಮ ಬೊಗಸೆಯಿಂದ.

“ಭಾಳ ಭಾರ ಆತ್ರೀ ಅಮ್ಮಾರ,” ಎಂದರು ಕೌಂಟರಿನವರು.

“ಆಕಿಗೆ ಭಾರ ಆಗೂದುಲ್ಲ ಬಿಡ್ರಿ.”

ಅವರು ವಿಳಾಸ ಓದಿದರು. ನಾನು ಆಕೆಯ ಹೆಸರು ಬರೆದು, ಕೆಳಗೆ ‘ಒಲಿಂಪಿಕ್ ಪದಕ ವಿಜೇತೆ, ಭಾರತ’ ಎಂದಷ್ಟೇ ಬರೆದಿದ್ದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ಮುಟ್ಟಿದ್ರ ಮುಟ್ಟೀತು. ಕಳಿಸಿದವರ ವಿಳಾಸಾನರ ಸರಿಯಾಗಿ ಬರೀರಿ. ವಾಪಸ್ ಬರತೈತಿ ಇದು.”

ಅತ್ತೆಯವರು ನನ್ನ ಪೆನ್ನು ಹಿಡಿದರು. “ಬರೀಬ್ಯಾಡ. ಕೊಟ್ಟ ಉಡಿ ತಿರುಗಿ ಮನೀಗೆ ಬರಬಾರದು.”

“ಬರೀಲಿಲ್ಲಂದ್ರ ನಾ ತಗೊಳ್ಳೂದುಲ್ರೀ.”

ನಮ್ಮ ಹಿಂದಿನ ಸಾಲು ಬಾಗಿಲು ದಾಟಿತ್ತು. ಅತ್ತೆಯವರು ಗಂಟಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಕಣ್ಣು ಒದ್ದೆಯಾಗಿದ್ದನ್ನು ನಾನೊಬ್ಬಳೇ ಕಂಡೆ. ಆಮೇಲೆ ಅವರು ಹೇಳಿದ್ದನ್ನು ನಾನು ದುಂಡಗೆ ಬರೆದೆ: ‘ತವರುಮನೆ, ನವನಗರ’.

ಕೌಂಟರಿನವರು ಅದನ್ನು ಎರಡು ಸಲ ಓದಿದರು. “ಮನಿ ನಂಬರ್ ಇಲ್ಲಲ್ರೀ?”

“ತವರಮನೀಗೆ ನಂಬರ್ ಇರತೈತೇನ್ರೀ?”

ಅವರು ಠಪ್ಪೆಂದು ಸಿಕ್ಕಾ ಒತ್ತಿದರು.

ಉಡಿ ಆಕೆಗೆ ಮುಟ್ಟಿತೋ ಇಲ್ಲವೋ, ನಮಗೆ ಗೊತ್ತಾಗಲಿಲ್ಲ. ಮುಂದೆ ಎಷ್ಟೋ ತಿಂಗಳು, ಅಂಚೆಯವನ ಸೈಕಲ್ ಗೇಟಿನ ಬಳಿ ನಿಂತರೆ ಅತ್ತೆಯವರು ಒಳಗಿನಿಂದಲೇ ಕೂಗುತ್ತಿದ್ದರು: “ಏನ್ ತಂದೀಯಪಾ? ಗಂಟೇನರ ಐತೇನು?”

“ಇಲ್ರೀ ಅಮ್ಮಾರ, ಫೋನ್ ಬಿಲ್ ಐತಿ.”

“ಭಾಳ ಛಲೋ ಆತು, ಕೊಡು ಕೊಡು,” ಎಂದು ಅವರು ನಗುತ್ತ ಹೊರಗೆ ಬಂದು, ಅವನಿಗೊಂದು ಲೋಟ ಮಜ್ಜಿಗೆಯನ್ನೂ ಕೊಡುತ್ತಿದ್ದರು.